ಅಪ್ಪ ಸಹಿ ಹಾಕಿದ ವರದಿ

ಅಪ್ಪ,

ಬೆಳಿಗ್ಗೆಯಿಂದ ಮೂರು ಸಲ ಪುರಸಭೆಯ ನೀರಿನ ಪ್ರಯೋಗಾಲಯಕ್ಕೆ ಬಂದೆ. ನೀವಿಲ್ಲವೆಂದು ಜವಾನರು ಹೇಳಿದರು. ನಿಮ್ಮ ಚಪ್ಪಲಿ ಬಾಗಿಲಲ್ಲೇ ಇತ್ತು. ಅದಕ್ಕೇ ಈ ಪತ್ರವನ್ನು ಬಾಗಿಲಿನ ಕೆಳಗೆ ತೂರಿಸುತ್ತಿದ್ದೇನೆ.

"ಹೊಸ ಟ್ಯಾಂಕಿನ ನೀರು ಪರೀಕ್ಷೆ ಆಗಿದೆ, ಕಣ್ಣು ಮುಚ್ಕೊಂಡು ಕುಡೀರಿ" ಎಂದು ಪುರಸಭೆ ಅಧ್ಯಕ್ಷರು ಭಾಷಣ ಮಾಡಿದ್ದರು. ಅಂಥ ಮಾತು ನಿಜವೋ ಸುಳ್ಳೋ ಎಂದು ನೋಡಿ ಪತ್ರಿಕೆಗೆ ಬರೆಯುವುದು ನನ್ನ ಕೆಲಸ. ಅವರು ಹಾಕಿಸಿದೆವೆಂದ ಬೀದಿದೀಪಗಳನ್ನು ನಡೆದೇ ಎಣಿಸಿದವಳು, ನೀರಿನ ವಿಷಯಕ್ಕೆ ನಿಮ್ಮನ್ನು ಕೇಳಿ ಸುಮ್ಮನಾದೆ. "ನಾನೇ ನೋಡಿದೀನಿ ಕಣಮ್ಮ, ಧೈರ್ಯವಾಗಿ ಬರಿ" ಎಂದು ಸಹಿ ಹಾಕಿದ ವರದಿ ಕೊಟ್ಟಿರಿ. ನಿಜವೆಂದೇ ಬರೆದೆ.

ಈಗ ನನ್ನ ಬೀದಿಯ ಒಂಬತ್ತು ಜನ ಆಸ್ಪತ್ರೆಯಲ್ಲಿದ್ದಾರೆ. ಎದುರುಮನೆ ದರ್ಜಿಯ ಮಗುವಿಗೆ ಕಣ್ಣು ತೆರೆಯಲೂ ತ್ರಾಣವಿಲ್ಲ. ಅದರ ತಾಯಿ ನನ್ನ ಕೈ ಹಿಡಿದು, "ನೀನು ಬರೆದಿದ್ಯಲ್ಲಾ ಅಂತ ಕುದಿಸ್ದೇ ಕುಡಿಸ್ಬಿಟ್ಟೆ ಕಣೇ" ಎಂದಳು. ನಿನ್ನೆ ನೀವು ಊಟಕ್ಕೆ ಹೋದಾಗ ಪ್ರಯೋಗಾಲಯದ ನಿಮ್ಮ ಕಪಾಟು ತೆರೆದು ನೋಡಿದೆ. ಆ ಟ್ಯಾಂಕಿನಿಂದ ತಂದ ಬಾಟಲಿಗಳ ಸೀಲು ಕೂಡ ಒಡೆದಿಲ್ಲ.

ಯಾರು ಒತ್ತಾಯ ಮಾಡಿದರೆಂದು ಕೇಳುವುದಿಲ್ಲ. ಮೊದಲು ನೀರು ಬಿಡುವುದನ್ನು ನಿಲ್ಲಿಸಿ. ಬಾಟಲಿಗಳನ್ನು ಡಾಕ್ಟರಿಗೆ ಕೊಡಿ. ನೀರಿನಲ್ಲಿ ಏನಿದೆಯೆಂದು ತಿಳಿಯದೆ ಅವರಿಗೆ ದಿಕ್ಕು ತೋಚುತ್ತಿಲ್ಲ. ಮನೆಯಲ್ಲಿ ಅಮ್ಮನಿಗೂ ಕುದಿಸಿದ ನೀರನ್ನೇ ಕೊಡಿ.

ಸಂಜೆ ಐದಕ್ಕೆ ಪತ್ರಿಕೆ ಅಚ್ಚಿಗೆ ಹೋಗುತ್ತದೆ. ನನ್ನ ತಪ್ಪನ್ನು ಬರೆದಾಗಿದೆ. ವರದಿ ಕೊಟ್ಟವರು ಯಾರೆಂಬ ಸಾಲೊಂದೇ ಬಾಕಿ. ಅಷ್ಟರೊಳಗೆ ಬಂದು ನೀವೇ ಅದನ್ನು ಬರೆಯಿರಿ ಅಪ್ಪ. ಕಾಲಿಗೆ ಬೀಳುತ್ತೇನೆ, ನನ್ನ ಕೈಯಲ್ಲಿ ಬರೆಸಬೇಡಿ.

ನಿಮ್ಮ ಮಗಳು