ಒಂಬತ್ತನೇ ಮಹಡಿಯ ಲಿಫ್ಟು ಖಾಲಿ ಇರಲಿಲ್ಲ

ದೂರದಲ್ಲಿ ಕುಳಿತೇ ನಮ್ಮ ಲಿಫ್ಟು, ಪಂಪು, ದೀಪಗಳನ್ನು ಆಳುವ ನಿಯಂತ್ರಣ ಕೇಂದ್ರದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಕಳೆದ ಮೇ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ ನಾಲ್ಕು ನಿಮಿಷಕ್ಕೆ ತಾವು ನೋಯ್ಡಾದ ತಮ್ಮ ತಣ್ಣನೆಯ ಕಚೇರಿಯಿಂದ ದೆಹಲಿಯ ನಮ್ಮ ಸರ್ಕಾರಿ ವಸತಿ ಗೋಪುರದ ಲಿಫ್ಟಿಗೆ ಹೊಸ ಫರ್ಮ್‌ವೇರ್ ಕಳಿಸಿದಿರಿ. ಆಗ ಆ ಲಿಫ್ಟಿನೊಳಗೆ ನನ್ನ ತಾಯಿ ಇದ್ದರು. ಮುಂದಿನ ನಲವತ್ತೇಳು ನಿಮಿಷವೂ ಅಲ್ಲೇ ಇದ್ದರು. ತಮ್ಮ ವರದಿ ಹೇಳುತ್ತದೆ: ‘ಅಪ್‌ಡೇಟ್ ಯಶಸ್ವಿ. ತೊಂದರೆಗೊಳಗಾದವರು: ಶೂನ್ಯ.’ ಆ ಶೂನ್ಯದ ಹೆಸರು ಸೀತಮ್ಮ. ವಯಸ್ಸು ಎಪ್ಪತ್ತಾರು. ಇವತ್ತಿಗೆ ನಾಲ್ಕು ತಿಂಗಳಾಯಿತು, ಅವರು ಮನೆಯ ಹೊಸ್ತಿಲು ದಾಟಿಲ್ಲ.

ಫರ್ಮ್‌ವೇರ್ ಎಂದರೆ ಏನೆಂದು ನನಗೆ ಈಗ ಚೆನ್ನಾಗಿ ಗೊತ್ತು. ಯಂತ್ರದೊಳಗೆ ಕೂತು ಅದಕ್ಕೆ ಏಳು, ನಿಲ್ಲು, ಬಾಗಿಲು ತೆರೆ ಎನ್ನುವ ಬುದ್ಧಿ ಅದು. ಹಳೆಯ ಬುದ್ಧಿ ಹೋಗಿ ಹೊಸ ಬುದ್ಧಿ ಬರುವತನಕ ಯಂತ್ರಕ್ಕೆ ಯಾವ ಬುದ್ಧಿಯೂ ಇರುವುದಿಲ್ಲ. ಹಾಗಾಗಿಯೇ ಲಿಫ್ಟು ಆರನೇ ಮತ್ತು ಐದನೇ ಮಹಡಿಯ ನಡುವೆ ನಿಂತಿತು. ದೀಪ ಆರಿತು, ಫ್ಯಾನು ನಿಂತಿತು. ಅಪಾಯದ ಗಂಟೆಯನ್ನೂ ಅದೇ ಪೆಟ್ಟಿಗೆಗೆ ಜೋಡಿಸಿದ್ದರಿಂದ ಗಂಟೆಯೂ ಮೂಕವಾಯಿತು. ಒಳಗೆ ಯಾರಾದರೂ ಇದ್ದಾರೆಯೇ ಎಂದು ನೋಡುವ ಏರ್ಪಾಟು ಇರಲಿಲ್ಲವೇ? ಇತ್ತು, ಮಾನ್ಯರೇ. ನಲವತ್ತು ಕಿಲೋಗಿಂತ ಕಡಿಮೆ ಭಾರವಿದ್ದರೆ ಲಿಫ್ಟು ಖಾಲಿ ಎಂದು ತಿಳಿಯತಕ್ಕದ್ದು ಎಂದು ತಾವು ಅದಕ್ಕೆ ಕಲಿಸಿದ್ದೀರಿ. ನಮ್ಮಮ್ಮ ಮೂವತ್ತೆಂಟು ಕಿಲೋ. ಅವರು ಇನ್ನೆರಡು ಕಿಲೋ ತಿಂದು ಬೆಳೆಸಿಕೊಳ್ಳದೆ ತಮಗೆ ಕೊಟ್ಟ ತೊಂದರೆಗಾಗಿ ಕ್ಷಮೆ ಕೋರುತ್ತೇನೆ.

ಈ ಲಿಫ್ಟು ಅಮ್ಮನಿಗೆ ಏನಾಗಿತ್ತೆಂದು ತಮಗೆ ಹೇಳಬೇಕು. ಅಮ್ಮ ತಿಪಟೂರಿನ ಕಡೆಯವರು. ಒಂಬತ್ತನೇ ಮಹಡಿಯ ನಮ್ಮ ಮನೆಗೆ ಬಂದ ಮೊದಲ ವರ್ಷ ಲಿಫ್ಟೆಂದರೆ ನಡುಗುತ್ತಿದ್ದರು. ಆಗ ಕಿಶನ್ ನಮ್ಮ ಗೋಪುರದ ಲಿಫ್ಟ್ ನೋಡಿಕೊಳ್ಳುತ್ತಿದ್ದ. ಐವತ್ತು ದಾಟಿದ ಆಳು, ಅಮ್ಮನ ಕನ್ನಡ ಅವನಿಗೆ ಬಾರದು, ಅವನ ಹಿಂದಿ ಅಮ್ಮನಿಗೆ ಬಾರದು. “ಮಾತಾಜಿ, ಡರೋ ಮತ್, ಮೈ ಹ್ಞೂ ನಾ”, ಹೆದರಬೇಡಿ, ನಾನಿದ್ದೀನಲ್ಲ ಎಂದು ದಿನವೂ ಜೊತೆಗೆ ಇಳಿದು, ಜೊತೆಗೆ ಹತ್ತಿ, ನೆಲಮಹಡಿಯ ಗುಂಡಿಯ ಪಕ್ಕ ಕೆಂಪು ಬೊಟ್ಟು ಅಂಟಿಸಿ ಕಲಿಸಿದ. ಆಮೇಲೆ ಅಮ್ಮ ಒಬ್ಬರೇ ಓಡಾಡಿದರು. ಬೆಳಿಗ್ಗೆ ಹನ್ನೊಂದಕ್ಕೆ ಸ್ಟೀಲ್ ಡಬ್ಬಿಯಲ್ಲಿ ಏನಾದರೂ ತುಂಬಿಕೊಂಡು ಕೆಳಗಿಳಿದರೆ, ಬೇವಿನ ಮರದ ಕೆಳಗೆ ಪಕ್ಕದ ಗೋಪುರದ ರತ್ನಪ್ರಭಾ ಅವರೂ ಇನ್ನಿಬ್ಬರೂ ಕಾಯುತ್ತಿದ್ದರು. ದೆಹಲಿಯಲ್ಲಿ ಅಮ್ಮನದು ಅಂತ ಇದ್ದದ್ದು ಆ ಒಂದು ಗಂಟೆ. ಉಳಿದ ಇಪ್ಪತ್ಮೂರು ಗಂಟೆ ನನ್ನವು, ಹೆಂಡತಿ ಉಷಾಳವು, ಮಗಳು ಮಯೂರಿಯವು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಕಿಶನ್‌ಗೆ ಒಂದು ಪದ್ಧತಿ ಇತ್ತು. ರಿಪೇರಿಗೆ ಲಿಫ್ಟ್ ನಿಲ್ಲಿಸುವ ಮುಂಚೆ ತಾನೇ ಒಮ್ಮೆ ಮೇಲಿಂದ ಕೆಳಗಿನವರೆಗೆ ಇಳಿಯುತ್ತಿದ್ದ. ಪ್ರತಿ ಮಹಡಿಯಲ್ಲೂ ಬಾಗಿಲು ಹಿಡಿದು “ಲಿಫ್ಟ್ ಬಂದ್ ಹೋ ರಹೀ ಹೈ ಭಾಯ್!” ಎಂದು ಕೂಗುತ್ತಿದ್ದ. ಆಮೇಲೆ ಖಾಲಿ ಲಿಫ್ಟನ್ನು ಕಣ್ಣಾರೆ ನೋಡಿ ಬೀಗ ತಿರುಗಿಸುತ್ತಿದ್ದ. ತಾವು ಆ ಕೂಗನ್ನು ಅನಗತ್ಯವೆಂದು ಕಂಡು, ಅವನನ್ನು ಗೇಟಿನಲ್ಲಿ ಗಾಡಿ ನಂಬರ್ ಬರೆಯಲು ಕೂರಿಸಿದಿರಿ. ಆ ಮಂಗಳವಾರ ಲಿಫ್ಟಿನೊಳಗೆ ಅಮ್ಮ ಡಬ್ಬಿ ಬಡಿಯುವ ಸದ್ದನ್ನು ಮೆಟ್ಟಿಲ ಕಡೆಯಿಂದ ಕೇಳಿ ಓಡಿಬಂದವನೂ ಅವನೇ. ವಾಪಸ್ ಕೊಡದೆ ಉಳಿಸಿಕೊಂಡಿದ್ದ ಹಳೆಯ ಕೀಲಿಯಿಂದ ಬಾಗಿಲು ತೆರೆದವನೂ ಅವನೇ. ಅದಕ್ಕೆ ತಮ್ಮ ಕಚೇರಿ ಅವನಿಗೆ ಕೊಟ್ಟದ್ದೇನು? ಕೀಲಿ ಹಿಂದಿರುಗಿಸದ ಬಗ್ಗೆ ಮೆಮೊ!

ಮುಂದಿನದನ್ನು ಬರೆಯಲು ಕೈ ಏಳುವುದಿಲ್ಲ. ಮೇ ತಿಂಗಳ ದೆಹಲಿ, ಗಾಳಿಯಿಲ್ಲದ ಕತ್ತಲೆ ಪೆಟ್ಟಿಗೆ, ಎಪ್ಪತ್ತಾರರ ದೇಹ. ಅಮ್ಮನಿಗೆ ತಡೆದುಕೊಳ್ಳಲಾಗಲಿಲ್ಲ. ಸೀರೆ, ನೆಲ ಎರಡೂ ಒದ್ದೆಯಾಗಿದ್ದವು. ಬಾಗಿಲು ತೆರೆದಾಗ ಅಮ್ಮ ಹೊರಗೆ ಬರಲಿಲ್ಲ. ಕೂತಲ್ಲೇ ತಮ್ಮ ಸೆರಗಿನಿಂದ ಲಿಫ್ಟಿನ ನೆಲ ಒರೆಸುತ್ತಿದ್ದರು. ಪೂರ್ತಿ ಒಣಗಿತೆಂದು ಖಾತ್ರಿಯಾದ ಮೇಲೆಯೇ ಎದ್ದರು. ಇದನ್ನು ಅಮ್ಮ ನನಗೆ ಹೇಳಿದ್ದು ಮೂರು ವಾರದ ನಂತರ.

“ಆ ಕಿಶನ್ ನನ್ನ ಕಡೆ ನೋಡ್ಲೇ ಇಲ್ಲ ಕಣೋ ಇಂದೂ. ತನ್ನ ಹೆಗಲ ಮೇಲಿನ ಬಟ್ಟೆ ಒಳಗೆ ಹಾಕಿ, ಗೋಡೆ ಕಡೆ ತಿರುಗಿ ನಿಂತ್ಕೊಂಡ. ಹೆತ್ತ ಮಗ ಇದ್ದಿದ್ರೂ ಅಷ್ಟು ಮಾಡ್ತಿದ್ನೋ ಇಲ್ವೋ.”

ಹೆತ್ತ ಮಗ ಎಲ್ಲಿದ್ದ? ಅದನ್ನೂ ಹೇಳಿಬಿಡುತ್ತೇನೆ, ಇಲ್ಲವಾದರೆ ಈ ಪತ್ರ ಸುಳ್ಳಾಗುತ್ತದೆ. ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿ ನಾನು. ಘಟನೆಗೆ ಮುಂಚೆ ತಾವು ಸಂಘಕ್ಕೆ ಬರೆದಿದ್ದಿರಿ: ‘ಮಂಗಳವಾರ ಹನ್ನೊಂದರಿಂದ ಹನ್ನೆರಡರವರೆಗೆ ಕೆಲಸ ನಡೆಯಲಿದೆ. ಮನೆ ಹಂಚಿಕೆಯಾದವರೆಲ್ಲ ಆಗ ಕಚೇರಿಯಲ್ಲಿರುವುದರಿಂದ ಯಾರಿಗೂ ಅನನುಕೂಲವಿಲ್ಲ. ಸಂಬಂಧಪಟ್ಟವರಿಗೆ ತಿಳಿಸುವುದು.’ ಇಪ್ಪತ್ತೆರಡು ವರ್ಷ ಕಡತ ನೋಡಿದ ಕೈ ಇದು. ಓದಿದ ತಕ್ಷಣ ‘ಆಕ್ಷೇಪಣೆ ಇಲ್ಲ’ ಎಂದು ಬರೆದು ಸಹಿ ಹಾಕಿತು. ಸಂಬಂಧಪಟ್ಟವರು ಯಾರು? ಪಟ್ಟಿಯಲ್ಲಿ ಮನೆಗೊಂದು ಹೆಸರಿತ್ತು, ನೌಕರನದು. ಎಲ್ಲರ ಕಚೇರಿಯ ಇಮೇಲಿಗೂ ಸೂಚನೆ ಕಳಿಸಿದೆ. ಎಲ್ಲರೂ ತಂತಮ್ಮ ಮೇಜಿನಲ್ಲಿ ಓದಿದರು. ಇಬ್ಬರು ‘ನೋಟೆಡ್’ ಎಂದು ಉತ್ತರವನ್ನೂ ಕೊಟ್ಟರು. ನೂರೆಂಟು ಮನೆಗಳಲ್ಲಿ ಅಷ್ಟು ಹೊತ್ತಿಗೆ ಯಾರಿರುತ್ತಾರೆ ಎಂದು ಯಾರೂ ಕೇಳಲಿಲ್ಲ. ಲಿಫ್ಟಿನ ಪಕ್ಕ ಒಂದು ಚೀಟಿ ಅಂಟಿಸಲಿಲ್ಲ. ಬೆಳಿಗ್ಗೆ ತಟ್ಟೆಗೆ ದೋಸೆ ಹಾಕುತ್ತಾ “ಇವತ್ತು ಕೋಡುಬಳೆ ತಗೊಂಡು ಹೋಗ್ತೀನಿ ಕೆಳಗೆ” ಎಂದ ಅಮ್ಮನಿಗೆ ನಾನು “ಹ್ಞೂ” ಎಂದೆ. ಇವತ್ತು ಬೇಡ ಅನ್ನಲು ನೆನಪಾಗಲಿಲ್ಲ.

ಆದ್ದರಿಂದ ತಮ್ಮನ್ನು ಬಯ್ಯುವ ಯೋಗ್ಯತೆ ನನಗೆ ಅರ್ಧ ಮಾತ್ರ ಇದೆ. ಉಳಿದರ್ಧ ಬೈಗುಳವನ್ನು ದಿನವೂ ಸಂಜೆ ಮನೆಗೆ ಬಂದಾಗ ತಿನ್ನುತ್ತಿದ್ದೇನೆ. ಅಮ್ಮ ಬಾಲ್ಕನಿಯಲ್ಲಿ ಕೂತು ಕೆಳಗಿನ ಬೇವಿನ ಮರ ನೋಡುತ್ತಿರುತ್ತಾರೆ. ಮಯೂರಿ “ಅಜ್ಜಿ, ಚಲೋ ನಾ, ನಾನು ಹಾಥ್ ಹಿಡ್ಕೊಳ್ತೀನಿ” ಎಂದು ಎಳೆದರೆ, “ಮಂಡಿನೋವು ಪುಟ್ಟಾ” ಎನ್ನುತ್ತಾರೆ. ರತ್ನಪ್ರಭಾ ಅವರು ಎರಡು ಸಲ ಮೇಲೆ ಬಂದರು. ಅಮ್ಮ ಮಲಗಿದಂತೆ ಮಾಡಿದರು. ಕೆಳಗೆ ಎಲ್ಲರಿಗೂ ವಿಷಯ ಗೊತ್ತಿರಬಹುದು ಎಂಬುದೇ ಅವರ ಭಯ.

ಹಾಗಿದ್ದರೆ ಇದನ್ನು ಬಹಿರಂಗ ಪತ್ರ ಮಾಡಿ ಊರಿಗೆಲ್ಲ ಸಾರುವ ಮಗ ನೀನೆಂಥವನು ಎಂದು ತಾವು ಕೇಳಬಹುದು. ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಒದ್ದೆ ನೆಲದ ಮಾತು ಬಂದಾಗ ನಿಲ್ಲಿಸಿ, ಅದನ್ನು ತೆಗೆದುಬಿಡುತ್ತೇನೆ ಎಂದೆ. ಅಮ್ಮ ಬೇಡವೆಂದು ತಲೆಯಾಡಿಸಿದರು.

“ಇರ್ಲಿ ಬಿಡು. ನನ್ನ ಹೆಸರೂ ಹಾಕು. ಒಳಗೆ ಒಬ್ಬಳು ಇದ್ಳು ಅಂತ ಅವ್ರಿಗೆ ಗೊತ್ತಾಗ್ಲಿ.”

ಮಾನ್ಯರೇ, ಪರಿಹಾರ ಬೇಡ, ವಿಷಾದ ಪತ್ರವೂ ಬೇಡ. ಇನ್ನು ಮುಂದೆ ಯಾವ ಲಿಫ್ಟಿಗೆ ಹೊಸ ಬುದ್ಧಿ ಕಳಿಸುವ ಮುನ್ನವೂ, ಒಬ್ಬ ಮನುಷ್ಯ ಅದರ ಬಾಗಿಲು ತೆರೆದು, ಒಳಗೆ ಯಾರೂ ಇಲ್ಲವೆಂದು ಕಣ್ಣಿಂದ ನೋಡಿ ತಮಗೆ ತಿಳಿಸಬೇಕು. ಅಪಾಯದ ಗಂಟೆಗೆ ಬೇರೆ ತಂತಿ ಎಳೆಸಿ. ಕಿಶನ್‌ಗೆ ಕೊಟ್ಟ ಮೆಮೊ ಹಿಂಪಡೆದು, ಅವನನ್ನು ಲಿಫ್ಟಿನ ಬಳಿಗೆ ಕಳಿಸಿ. ಅವನು ಮಹಡಿ ಮಹಡಿಯಲ್ಲೂ ಕೂಗುವುದು ಒಂಬತ್ತನೇ ಮಹಡಿಗೆ ಕೇಳಿಸಲಿ. ಆಗಲಾದರೂ ಅಮ್ಮ ಡಬ್ಬಿ ಹಿಡಿದು ಬಾಗಿಲವರೆಗೆ ಬಂದಾರು. ಕಡೆಯದಾಗಿ, ಆ ದಿನದ ವರದಿಯಲ್ಲಿ ಶೂನ್ಯವನ್ನು ಹೊಡೆದುಹಾಕಿ ಒಂದು ಎಂದು ಬರೆಯಿರಿ.

ಇಂತಿ,
ಆಕ್ಷೇಪಣೆ ಇಲ್ಲವೆಂದು ಬರೆದು ಸಹಿ ಹಾಕಿದ,
ಸೀತಮ್ಮನವರ ಮಗ ಇಂದುಶೇಖರ