ಎರಡನೆಯ ಸಂಪುಟಕ್ಕೆ ಬೀಗ ಹಾಕಿಸಿದವರಿಗೆ

ಮಾನ್ಯ ಗ್ರಂಥಾಲಯ ಮುಖ್ಯಾಧಿಕಾರಿಗಳೇ,

ಒಂಬತ್ತು ಸಂಪುಟಗಳ ಕಾದಂಬರಿಯಲ್ಲಿ ಮೊದಲನೆಯದನ್ನು ಮಾತ್ರ ಕಪಾಟಿನಲ್ಲಿಟ್ಟು, ಉಳಿದ ಎಂಟನ್ನು ಗೋದಾಮಿಗೆ ತಳ್ಳಿ ಬೀಗ ಹಾಕಿಸಿದ ನಿಮ್ಮ ಜಾಣ್ಮೆಗೆ ಬಲಿಯಾದವಳು ನಾನು. ‘ಒಂದು ಮಾಲಿಕೆಗೆ ಒಂದೇ ಪುಸ್ತಕ’ ಎಂಬುದು ಹೊಸ ನಿಯಮವಂತೆ. ಎಲ್ಲ ಲೇಖಕರಿಗೂ ಸಮಾನ ಜಾಗ ಸಿಗಲೆಂದು. ಹಾಗಾದರೆ ಸೇತುವೆ ಕಟ್ಟುವವರೂ ಪ್ರತಿ ನದಿಗೆ ಒಂದೊಂದು ಕಂಬ ನೆಟ್ಟು ಮನೆಗೆ ಹೋಗಬಹುದಲ್ಲವೇ?

ವ್ಯವಧಾನವಿದ್ದರೆ ನನ್ನ ಮನೆಯ ಸಂಗತಿ ಕೇಳಿ. ನನ್ನ ಗಂಡ ಕಾರ್ಖಾನೆಗೆ ಹೋಗುವ ದಾರಿಯಲ್ಲಿ ಅಪಘಾತವಾಗಿ ತೀರಿಕೊಂಡರು. “ಜ್ವರ ಇದ್ದೋನನ್ನ ಯಾಕೆ ಕಳಿಸಿದೆ?” ಎಂದು ಅತ್ತೆ ಒಮ್ಮೆ ಕೇಳಿದರು. ಆಮೇಲೆ ಎರಡು ಕೋಣೆಯ ಮನೆಯಲ್ಲಿ ಅವರೊಂದು ದಿಕ್ಕು, ನಾನೊಂದು ದಿಕ್ಕು. ನಾನು ಅಡುಗೆ ಮುಚ್ಚಿಟ್ಟು ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದೆ. ತೊಳೆದಿಟ್ಟ ತಟ್ಟೆಯೇ ಅವರ ಉತ್ತರ. ಪೊರೆ ಬಂದು ಅವರ ಕಣ್ಣು ಮಂಜಾದಾಗ, ಗೋಡೆಯ ಕಡೆ ನೋಡಿಕೊಂಡೇ, “ದಪ್ಪನೆ ಪುಸ್ತಕ ಯಾವುದಾದ್ರೂ ತಂದು ಓದು, ಹೊತ್ತು ಹೋಗಲಿ” ಎಂದರು. ದಪ್ಪಗಿದೆಯೆಂಬ ಒಂದೇ ಕಾರಣಕ್ಕೆ ನಿಮ್ಮ ಕಪಾಟಿನ ಆ ಮೊದಲ ಸಂಪುಟವನ್ನು ತಂದೆ.

ಅದರೊಳಗೆ ಹಬೆಯಿಂದ ಓಡುವ ನಗರ, ಹಿತ್ತಾಳೆ ರೆಕ್ಕೆಯ ಹಾರುವ ಹಡಗು, ಅದನ್ನು ನಡೆಸುವ ಹುಡುಗಿ, ಕುಲುಮೆಯಲ್ಲಿ ಸೆರೆಯಾದ ಬೆಂಕಿಯ ಭೂತ. “ನಮ್ಮ ಕುಕ್ಕರ್ ಕೂಗೋಕೇ ಅರ್ಧ ಗಂಟೆ, ಇದು ಹೇಗೆ ಹಾರುತ್ತೆ?” ಎಂದರು ಅತ್ತೆ. ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಪುಟ ಸರಿದಂತೆ ಮಾತು ಬೆಳೆಯಿತು. ಒಮ್ಮೆ ಓದಿನ ನಡುವೆ ನನ್ನ ಕೈ ಹಿಡಿದು, “ನೀನು ಬೇಡ ಅಂದಿದ್ರೂ ಅವನು ಕೇಳ್ತಿದ್ನಾ, ಹೋಗೇ ಹೋಗ್ತಿದ್ದ” ಎಂದರು.

ಸಂಪುಟದ ಕೊನೆಯಲ್ಲಿ ಹಡಗು ಹೊತ್ತಿಕೊಂಡು ಮೋಡದೊಳಗೆ ಬೀಳುತ್ತದೆ. ಮುಂದಿನದಕ್ಕೆಂದು ಬಂದರೆ ನಿಮ್ಮ ಗುಮಾಸ್ತರು, “ಅದು ಕೊಡೋಕೆ ಬರಲ್ಲಮ್ಮ. ಬೇರೆ ಮಾಲಿಕೆ ಶುರು ಮಾಡಿ” ಎಂದರು. ಶುರು ಮಾಡಿಸಿ ನಡುನೀರಿನಲ್ಲಿ ಕೈಬಿಡುವುದರಲ್ಲಿ ನಿಮ್ಮನ್ನು ಮೀರಿಸುವವರುಂಟೇ? ಅಂಗಡಿಗಳಲ್ಲಿ ಪ್ರತಿ ಸಿಗಲಿಲ್ಲ. ನಿಮಗೆ ಬರೆದ ಅರ್ಜಿಗಳಿಗೆ ಉತ್ತರವೂ ಬರಲಿಲ್ಲ.

ಕೊನೆಗೆ ಮೊದಲ ಸಂಪುಟವನ್ನೇ ಮತ್ತೆ ತಂದು ಬಿಡಿಸಿ ಹಿಡಿದು, ನಾನೇ ಕಥೆ ಕಟ್ಟಿ ಓದುವಂತೆ ನಟಿಸಿದೆ. ಅತ್ತೆ ಸ್ವಲ್ಪ ಹೊತ್ತು ಕೇಳಿದರು. “ಇದು ಪುಸ್ತಕದ್ದಲ್ಲ, ನಿಂದು. ಸತ್ತೋರೆಲ್ಲ ವಾಪಸ್ ಬರ್ತಿದಾರೆ” ಎಂದು ಮಗ್ಗುಲಾದರು. ಅಂದಿನಿಂದ ಮನೆಯಲ್ಲಿ ಮತ್ತೆ ಮಾತಿಲ್ಲ.

ನನ್ನ ಕೈಯಲ್ಲಿ ಏನೂ ಇಲ್ಲ, ಕೀಲಿ ನಿಮ್ಮಲ್ಲಿದೆ. ಎಂಟೂ ಬೇಡ, ಎರಡನೆಯದೊಂದನ್ನು ಹೊರಗೆ ತೆಗೆಸಿ. ಕೊಟ್ಟರೆ ಮೂರನೆಯದಕ್ಕೂ ಬರುತ್ತಾಳೆಂದು ನಿಮಗೆ ಅನುಮಾನವಿರಬಹುದು. ಬರುತ್ತೇನೆ. ಅತ್ತೆಗೆ ವಯಸ್ಸಾಗಿದೆ, ಒಂಬತ್ತೂ ಮುಗಿಯುವತನಕ ಅವರು ಇರುತ್ತಾರೋ ಇಲ್ಲವೋ, ಅದಕ್ಕೆ ನಿಮ್ಮಲ್ಲಿ ನಿಯಮವಿಲ್ಲ.

ಇಂತಿ,
ತಮ್ಮ ಸಮಾನತೆಯ ಫಲಾನುಭವಿ,
ಹೊಲಿಗೆ ಕೆಲಸದ ಒಬ್ಬ ಸೊಸೆ