ಯಾರ ಆಯಸ್ಸಿನ ಎಣ್ಣೆ

ಮನೆಯಿಂದ, ಕಾರು ಶೆಡ್ಡಿನ ಪಕ್ಕದ ಕಟ್ಟೆಯ ಮೇಲೆ ಕೂತು
ಮಾರ್ಚ್ ೧೫, ಸೋಮವಾರ ಬೆಳಗ್ಗೆ

ಪ್ರೀತಿಯ ಗುಬ್ಬೀ,

ಹೇಗಿದ್ದೀಯ? ತಲೆನೋವು ಕಡಿಮೆಯಾಯಿತೆ? ವಿಮಾ ಕಚೇರಿಯಲ್ಲಿ ಕೂತು ದಿನವಿಡೀ ನಜ್ಜುಗುಜ್ಜಾದ ಕಾರುಗಳ ಫೋಟೋ ನೋಡುತ್ತಿದ್ದರೆ ಯಾರಿಗೆ ತಾನೇ ತಲೆ ನೋಯುವುದಿಲ್ಲ. ಕಣ್ಣಿಗೆ ತಣ್ಣೀರು ಹಾಕಿಕೊ, ಹೊತ್ತಿಗೆ ಸರಿಯಾಗಿ ಊಟ ಮಾಡು. ಇಲ್ಲಿ ನಾನು ಗುಂಡುಕಲ್ಲಿನ ಹಾಗಿದ್ದೇನೆ. ಸೊಂಟ ಸ್ವಲ್ಪ ಹಿಡಿದಿದೆ, ಯಾಕೆ ಅನ್ನುವುದು ಮುಂದೆ ತಿಳಿಯುತ್ತದೆ. ನಿಮ್ಮಮ್ಮ ಬೆಳಗ್ಗೆ ಏಳುತ್ತಲೇ ನನ್ನನ್ನು ಎರಡು ಸಲ ಬೈದಿದ್ದಾಳೆ, ಅಂದಮೇಲೆ ಅವಳ ಆರೋಗ್ಯದ ಬಗ್ಗೆ ಬೇರೆ ಸಾಕ್ಷಿ ಬೇಡ. ಫೋನಿನಲ್ಲೇ ಹೇಳಬಹುದಿತ್ತಲ್ಲ ಮಾವ ಅನ್ನಬೇಡ. ಫೋನಿನಲ್ಲಿ ನಾನು ಬಾಯಿ ತೆರೆದರೆ ನೀನು "ಒಂದ್ನಿಮಿಷ ಇರು ಮಾವ" ಅನ್ನುತ್ತೀಯ, ಆ ನಿಮಿಷ ಮುಗಿಯುವುದೇ ಇಲ್ಲ. ಕಾಗದ ಬರೆದರೆ ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ. ನಾನು ಊರ ಶಾಲೆಯಲ್ಲಿ ಏಳನೆಯವರೆಗೆ ಮಾತ್ರ ಓದಿದವನು ನಿಜ, ಆದರೆ ನನ್ನ ಅಕ್ಷರ ನೋಡು, ನಿಮ್ಮ ಕಚೇರಿಯಲ್ಲಿ ಯಾರಾದರೂ ಹೀಗೆ ಬರೆಯುತ್ತಾರಾ?

ವಿಷಯಕ್ಕೆ ಬರುತ್ತೇನೆ. ಕಾರು ಮಾರಿಲ್ಲ, ಮಾರುವುದೂ ಇಲ್ಲ. ನೀನು ಗೊತ್ತುಮಾಡಿ ಕಳಿಸಿದ ಆ ಕನ್ನಡಕದ ಮನುಷ್ಯ ನಿನ್ನೆ ಬಂದಿದ್ದ, ಕಾಫಿ ಕುಡಿದು ಬರಿಗೈಯಲ್ಲಿ ಹೋದ. ಈಗ ನೀನು ಕುರ್ಚಿ ಬಿಟ್ಟು ಎದ್ದಿರುತ್ತೀಯ. ಕೂತುಕೊ.

ನೀನು ಹೇಳಿದ್ದೇನು? ಅಮ್ಮನಿಗೆ ಇನ್ನು ಕಾರು ಬೇಡ, ಅವಳ ಕಾಲಿನ ಮೇಲೆ ನಂಬಿಕೆ ಇಲ್ಲ, ಶೆಡ್ಡಿನಿಂದ ಹಿಂದಕ್ಕೆ ತೆಗೆಯುವಾಗ ಗೇಟಿನ ಕಂಬಕ್ಕೆ ಗುದ್ದಿದಳು, ಮುಂದೆ ಮನುಷ್ಯರಿಗೆ ಗುದ್ದಿದರೆ ಏನು ಗತಿ. ಮಗಳಾಗಿ ಹೆದರಿದ್ದು ತಪ್ಪಲ್ಲ. ಆದರೆ ಒಂದು ಲೆಕ್ಕ ನೋಡು. ಮಡಚಲು ಬಾರದೆ ಇರುವುದು ಅವಳ ಎಡಮೊಣಕಾಲು. ಅದಕ್ಕೇ ಅಲ್ಲವೇ ಕ್ಲಚ್ಚಿಲ್ಲದ, ತಾನೇ ಗೇರು ಬದಲಾಯಿಸಿಕೊಳ್ಳುವ ಕಾರು ಕೊಂಡಿದ್ದು. ಬ್ರೇಕು ಒತ್ತುವುದು ಬಲಗಾಲು, ಅದಕ್ಕೇನಾಗಿದೆ? ಹೊಲಿಗೆ ಯಂತ್ರದ ಪೆಡಲನ್ನು ಇವತ್ತಿಗೂ ಆ ಕಾಲಿನಲ್ಲೇ ಒತ್ತುತ್ತಾಳೆ, ಪರದೆಯ ಅಂಚು ಒಂದು ನೂಲಿನಷ್ಟೂ ಆಚೀಚೆ ಹೋಗುವುದಿಲ್ಲ. ಇನ್ನು ಕಾರು ಹೋಯಿತು ಅಂದರೆ ಮನೆಮನೆಗೆ ಹೋಗಿ ಕಿಟಕಿ ಅಳತೆ ತೆಗೆಯುವುದು ನಿಂತಿತು, ಬಟ್ಟೆಯ ಸುರುಳಿ ಹೊತ್ತು ತರುವುದು ನಿಂತಿತು, ಆಮೇಲೆ ನಿನ್ನ ಮನೆಯ ಸೋಫಾದ ಮೂಲೆಯಲ್ಲಿ ಕೂತು ನೀನು ಬರುವುದನ್ನು ಕಾಯುವುದೊಂದೇ ಕೆಲಸ. ನಿಮ್ಮಮ್ಮ ಅಂಥ ಕೆಲಸದಲ್ಲಿ ಒಂದು ವಾರ ಬಾಳುವುದಿಲ್ಲ. ನೀನೂ ಬಾಳುವುದಿಲ್ಲ, ದಿನಾ ನಿನ್ನ ಪರದೆಗಳಿಗೆ ಕೊಂಕು ತೆಗೆಯುತ್ತಾಳೆ.

ಕಂಬಕ್ಕೆ ಗುದ್ದಿದ್ದು ಅವಳ ಕಾಲಲ್ಲ, ಗೇರ್‌ಬಾಕ್ಸು. ಇದನ್ನು ಕಂಡುಹಿಡಿದವನು ನಾನು. ರಿವರ್ಸಿಗೆ ಹಾಕಿ ನೋಡಿದೆ. ಕಾರು ಯೋಚನೆ ಮಾಡುತ್ತ ನಿಂತಿತು, ಆಮೇಲೆ ಚೇಳು ಕಡಿದಂತೆ ಹಿಂದಕ್ಕೆ ಜಿಗಿಯಿತು. ಕಂಬದ ಇನ್ನೊಂದು ಮಗ್ಗುಲಿಗೆ ಈಗ ಇರುವ ಗಾಯ ನನ್ನದು. ಇಷ್ಟು ವರ್ಷ ಗಿರಣಿಯ ಎಂಜಿನ್ನು ಓಡಿಸಿದ ಈ ಮಾವನ ಕಾಲೂ ಕೆಟ್ಟಿತು ಅನ್ನುತ್ತೀಯಾ? ಹಾಗಾದರೆ ನನ್ನ ಕಾಲನ್ನೂ ಮಾರಿಬಿಡು.

ಕಂಪನಿಯ ಸರ್ವಿಸಿಗೆ ತೆಗೆದುಕೊಂಡು ಹೋದೆವು. ಅಲ್ಲಿನ ಮ್ಯಾನೇಜರು ಒಳ್ಳೆಯ ಹುಡುಗ, ನೀರು ಕೊಟ್ಟ, ಕೂರಿಸಿದ. ಗೇರ್‌ಬಾಕ್ಸಿನ ಎಣ್ಣೆ ಬದಲಾಯಿಸು ಅಂದೆ. "ಅದು ಸೀಲ್ ಆಗಿರೋದು ಅಂಕಲ್, ಎಣ್ಣೆ ಲೈಫ್‌ಟೈಮ್ ಬರತ್ತೆ, ತೆಗೆಯೋ ಹಾಗಿಲ್ಲ" ಅಂದ. ಯಾರ ಲೈಫು ಅಂತ ಕೇಳಿದೆ. ಕಾರಿನದೋ, ಎಣ್ಣೆಯದೋ, ನನ್ನದೋ, ನಿಮ್ಮ ಗ್ಯಾರಂಟಿಯದೋ? ಅವನು ನಕ್ಕ. ಆಮೇಲೆ ದನಿ ತಗ್ಗಿಸಿ, ಇಷ್ಟು ವರ್ಷ ಮುಟ್ಟದೆ ಬಿಟ್ಟದ್ದನ್ನು ಈಗ ಮುಟ್ಟಿದರೆ ಗೇರು ಜಾರಲು ಶುರುವಾಗಬಹುದು, ಹಳೆಯ ಎಣ್ಣೆಯ ಕೊಳೆಯೇ ಒಳಗಿನ ಸವೆದ ಪಟ್ಟಿಗಳನ್ನು ಹಿಡಿದುಕೊಂಡಿರುತ್ತದೆ, ಹಾಗೇನಾದರೂ ಆದರೆ ಉತ್ತರ ಹೇಳಬೇಕಾದವನು ತಾನು ಅಂದ. ಅವನ ಮಾತು ಸುಳ್ಳಲ್ಲ. ಕೆಟ್ಟರೆ ಪೂರಾ ಗೇರ್‌ಬಾಕ್ಸು ಬದಲು, ಅದಕ್ಕಿಂತ ಕಾರು ಮಾರುವುದೇ ಮೇಲು. ಅಂದರೆ ಮುಟ್ಟಿದರೂ ಹೋಗಬಹುದು, ಮುಟ್ಟದಿದ್ದರೆ ಹೇಗೂ ಹೋಗುತ್ತದೆ. ಎಣ್ಣೆ ಕುಡಿಯುವ ಯಾವ ಯಂತ್ರವೂ ಹುಟ್ಟಿದಾಗ ಕುಡಿದದ್ದನ್ನೇ ಸಾಯುವವರೆಗೂ ಕುಡಿಯುವುದನ್ನು ನಾನು ನೋಡಿಲ್ಲ. ನಾನು ಅಲ್ಲೇ ತೀರ್ಮಾನ ಮಾಡಿದೆ. ಅಂದರೆ ಕಾರಿನ ಒಡತಿ ಬಾಗಿಲಲ್ಲಿ ನಿಂತು "ನೀನೇ ಮಾಡು, ಆಗಿದ್ದಾಗ್ಲಿ" ಅಂದ ಮೇಲೆ ಮಾಡಿದೆ. ಯಾವ ಎಣ್ಣೆ, ಹೇಗೆ ಹಾಕುವುದು ಅನ್ನುವುದನ್ನೆಲ್ಲ ಮ್ಯಾನೇಜರೇ ಹೇಳಿಕೊಟ್ಟ. ತೊಳೆಯಲು ಹೋಗಬೇಡಿ, ತಾನಾಗಿ ಇಳಿದಷ್ಟು ಇಳಿಸಿ, ಇಳಿದಷ್ಟೇ ತುಂಬಿ ಅಂದ. ತಾನು ಹೇಳಿದ್ದೆಂದು ಎಲ್ಲೂ ಹೇಳಬೇಡಿ ಅಂತಲೂ ಅಂದ. ನಿನಗಲ್ಲದೆ ನಾನು ಯಾರಿಗೂ ಹೇಳಿಲ್ಲ.

ಗಿರಣಿಯ ಹಳೆಯ ತೊಲೆಗಳನ್ನು ಕೊಯ್ಸಿ ನಾಲ್ಕು ಚಕ್ರಕ್ಕೂ ಒಂದೊಂದು ಹಲಗೆಪೀಠ ಮಾಡಿದೆ, ಕಾರನ್ನು ಮೇಲೆ ಹತ್ತಿಸಿ ಚಕ್ರಗಳಿಗೆ ಬೆಣೆ ಕೊಟ್ಟೆ. ಮಟ್ಟಗೋಲು ಇಟ್ಟರೆ ನೀರಿನ ಗುಳ್ಳೆ ಅಲುಗಾಡಲಿಲ್ಲ. ಕೆಳಗೆ ಮಲಗಿ ಎಣ್ಣೆ ಇಳಿಸುವ ಬೋಲ್ಟು ಬಿಚ್ಚಿದೆ. ಬಂತು ನೋಡು, ಕುದಿಸಿ ಮರೆತ ಕಾಫಿ ಡಿಕಾಕ್ಷನ್ನಿನ ಹಾಗೆ. ಬೆರಳಲ್ಲಿ ಉಜ್ಜಿದೆ, ಮೂಸಿದೆ. ಸುಟ್ಟ ವಾಸನೆ ಇಲ್ಲ, ಲೋಹದ ಚೂರೂ ಇಲ್ಲ. ಬದುಕಿದೆ ಅಂತ ಕೂಗಿದೆ. ಆಮೇಲೆ ಹೊಸ ಎಣ್ಣೆ ಹಾಕುವ ಬೋಲ್ಟಿಗೆ ಸ್ಪಾನರು ಹಾಕಿದರೆ, ಗುಬ್ಬೀ, ಅದು ಜಪ್ಪಯ್ಯ ಅಂದರೂ ಬಿಚ್ಚಲಿಲ್ಲ. ಹಾಕುವ ಬಾಯಿ ತೆರೆಯುತ್ತದೋ ಇಲ್ಲವೋ ನೋಡಿಕೊಂಡು ಆಮೇಲೆ ಇಳಿಸುವ ಬಾಯಿ ತೆರೆಯಬೇಕು, ಇದು ಎಲ್ಲ ಮೆಕ್ಯಾನಿಕ್ಕರಿಗೂ ಗೊತ್ತಂತೆ. ನಾನು ಸ್ವಲ್ಪ ಮುಂದುವರಿದವನು, ಉಲ್ಟಾ ಮಾಡಿದೆ. ಇಳಿದದ್ದು ಇಳಿದುಹೋಯಿತು, ಹೊಸದು ಹೋಗುವ ದಾರಿ ಇಲ್ಲ. ಕಾರನ್ನು ಎಳೆದುಕೊಂಡು ಹೋಗಿ ಕಂಪನಿಯ ಬಾಗಿಲಿಗೆ ನಿಲ್ಲಿಸಿದರೆ ಆ ಮ್ಯಾನೇಜರನ ಮುಂದೆ ನನ್ನ ಮೀಸೆ ಏನಾಗಬೇಕು? ನಿಮ್ಮಮ್ಮ ಬಂದು ಬಗ್ಗಿ ನೋಡಿ, "ನಿಂಗೆ ಬಾಯಿ ತೆರೆಯೋದೊಂದು ಬರತ್ತೆ, ಉಳಿದ ಯಾವ ಮುಚ್ಚಳಾನೂ ತೆರೆಯೋಕೆ ಬರಲ್ಲ" ಅಂದಳು. ಹೋದಳು. ಬಂದಳು, ಕೈಯಲ್ಲಿ ನೀನು ಬಿಟ್ಟುಹೋದ ಕೂದಲು ಒಣಗಿಸುವ ಯಂತ್ರ. ಬಿಗಿದ ಡಬ್ಬಿಯ ಮುಚ್ಚಳಕ್ಕೆ ಬಿಸಿ ತೋರಿಸಿ ಬಿಡಿಸುವ ಹಾಗೆ ಬೋಲ್ಟಿನ ಸುತ್ತ ಬಿಸಿಗಾಳಿ ಊದಿಸಿದೆವು. ಟಕ್ಕೆಂದಿತು. ನೀನು ಬಂದಾಗ ತಲೆಗೆ ಎಣ್ಣೆ ವಾಸನೆ ಹೊಡೆದರೆ ನನ್ನನ್ನು ಬೈಯಬೇಡ, ಐಡಿಯಾ ಅವಳದು.

ಇಳಿಸುವ ಬೋಲ್ಟು ಮುಚ್ಚಿ, ಇಳಿದದ್ದನ್ನು ಅಳೆದು ಅಷ್ಟೇ ಹೊಸ ಕೆಂಪೆಣ್ಣೆ ತುಂಬಿದೆ. ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಈ ಸೀಲಿನ ಪೆಟ್ಟಿಗೆಗೆ ಎಣ್ಣೆ ನೋಡುವ ಕಡ್ಡಿಯನ್ನೇ ಇಟ್ಟಿಲ್ಲ. ಎಂಜಿನ್ನು ಓಡುತ್ತಿರಬೇಕು, ಮೇಲೆ ಒಬ್ಬರು ಕೂತು ಬ್ರೇಕನ್ನು ಒತ್ತಿ ಹಿಡಿದು ಗೇರಿನ ಹಿಡಿಯನ್ನು ಮುಂದಕ್ಕೆ, ಹಿಂದಕ್ಕೆ, ಮತ್ತೆ ಪಾರ್ಕಿಗೆ ನಿಧಾನವಾಗಿ ತರಬೇಕು, ಎಣ್ಣೆ ಹದವಾಗಿ ಬೆಚ್ಚಗಾಗಬೇಕು. ಆಗ ಕೆಳಗೆ ಮಲಗಿದವನು ಎಣ್ಣೆಯ ಮಟ್ಟ ನೋಡುವ ಬೋಲ್ಟು ತೆಗೆದು ಕಾಯಬೇಕು. ಹೆಚ್ಚಾದದ್ದು ಧಾರೆಯಾಗಿ ಬಂದು, ಸಣ್ಣದಾಗಿ, ತೊಟ್ಟಿಕ್ಕುವಾಗ ಮುಚ್ಚಬೇಕು. ಕೆಳಗೆ ಮಲಗಿದವನು ನಾನು. ಎದೆಯ ಮೇಲೆ ಗುರುಗುಡುವ ಎಂಜಿನ್ನು, ಕಿವಿಯ ಪಕ್ಕ ಚಕ್ರ. ಬೆಣೆಗಳಿದ್ದವು ಸರಿ, ಆದರೆ ರಿವರ್ಸಿನಲ್ಲಿ ಈ ಕಾರು ಹೇಗೆ ಜಿಗಿಯುತ್ತದೆಂದು ನನಗಿಂತ ಚೆನ್ನಾಗಿ ಕಂಬಕ್ಕೆ ಗೊತ್ತು. ಮೇಲಿನವರ ಕಾಲು ಒಂದು ಚೂರು ಸಡಿಲಾಗಿದ್ದರೆ ಈ ಕಾಗದ ಬರೆಯಲು ನಾನು ಇರುತ್ತಿರಲಿಲ್ಲ. ಯಾರು ಕೂತಿದ್ದರು ಅನ್ನುವುದನ್ನು ಈಗಲೇ ಹೇಳಲಾರೆ. ಹೇಳಿದರೆ ಮುಂದಿನದನ್ನು ಓದದೆ ಫೋನು ಮಾಡುತ್ತೀಯ.

ನಿನ್ನೆ ಕನ್ನಡಕದವನು ಬಂದಾಗ ನಿಮ್ಮಮ್ಮನೇ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಶೆಡ್ಡಿನಿಂದ ತೆಗೆದಳು. ರಿವರ್ಸಿಗೆ ಹಾಕಿದಳು. ನಾನು ಗೇಟಿನ ಕಂಬ ಹಿಡಿದುಕೊಂಡು ನಿಂತಿದ್ದೆ. ಕಾರು ಒಣಹಾಕಿದ ಸೀರೆಯ ಹಾಗೆ ಅಲುಗಾಡಿ, ಹಗುರವಾಗಿ ಹಿಂದಕ್ಕೆ ಬಂತು. ಊರೆಲ್ಲ ಸುತ್ತಿ ಬಂದು ಇಳಿದವನು ಖುಷಿಯಾಗಿ, ಕೊಡೋದಾದರೆ ಇವತ್ತೇ ತಗೊಂಡು ಹೋಗ್ತೀನಿ ಅಂದ. "ನಿಮಗೆ ಚೆನ್ನಾಗಿರೋ ಕಾರು ನನಗೂ ಚೆನ್ನಾಗಿರತ್ತಲ್ಲ" ಅಂದಳು ನಮ್ಮಕ್ಕ, ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡು. ಗೇರು ಜಾರುವುದು ನಾಳೆ ಶುರುವಾಗಬಹುದು, ಗೊತ್ತು. ತಾನಾಗಿ ಇಳಿಯುವುದು ಅರ್ಧ ಮಾತ್ರ, ಉಳಿದ ಹಳೆಯ ಎಣ್ಣೆ ಇನ್ನೂ ಒಳಗೇ ಇದೆ, ಸ್ವಲ್ಪ ದಿನ ಓಡಿಸಿ ಮತ್ತೊಮ್ಮೆ ಇಳಿಸಬೇಕು. ಆಗ ಹಾಕುವ ಬೋಲ್ಟನ್ನೇ ಮೊದಲು ಬಿಚ್ಚುತ್ತೇನೆ. ಕೆಟ್ಟರೆ ಓಡಿ ಓಡಿ ಕೆಡಲಿ, ಹೆದರಿ ಮುಚ್ಚಿಟ್ಟು ಕೆಡುವುದು ಬೇಡ. ಈ ಮಾತು ಗೇರ್‌ಬಾಕ್ಸಿಗೆ ಮಾತ್ರ ಹೇಳಿದ್ದಲ್ಲ, ನಿನಗೆ ಬುದ್ಧಿ ಇದೆ.

ಬೇಜಾರು ಮಾಡಿಕೊಳ್ಳಬೇಡ. ನಿನ್ನ ಹೆದರಿಕೆಯಲ್ಲಿ ಪ್ರೀತಿಯೇ ಇರುವುದು ನಮಗೆ ಗೊತ್ತು. ತಲೆನೋವು ಹೋಗಲಿ, ಬಡ್ತಿ ಬರಲಿ, ಬಡ್ತಿ ಕೊಡುವವರಿಗೆ ನನ್ನ ಅಕ್ಷರ ತೋರಿಸು. ನಿನಗೆ ನನ್ನ ತುಂಬು ಆಶೀರ್ವಾದ.

ನಿನ್ನ
ಗಿರಣಿ ಮಾವ

ಮರೆತಿದ್ದು: ಹಾರ್ನು ಹೊಡೆಯುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಅವತ್ತು ಮೇಲೆ ಕೂತಿದ್ದವಳು ನಿಮ್ಮಮ್ಮನೇ. ನೀನು ನಂಬಲ್ಲ ಅಂದ ಆ ಕಾಲಿನ ಕೆಳಗೆ ನನ್ನ ಎದೆ ಇಟ್ಟು ಮಲಗಿದ್ದೆ. "ಹೆದರಿಕೆ ಆದ್ರೆ ಹೇಳು, ಬೇರೆ ಯಾರನ್ನಾದ್ರೂ ಕರೀತೀನಿ" ಅಂತ ಕೇಳಿದಳು. ಬೇಡ ಅಂದೆ. ಈ ಕಾಗದವನ್ನು ಅಂಚೆ ಡಬ್ಬಿಗೆ ಹಾಕಿದ ಮೇಲೆ ಅವಳು ನಿನ್ನ ಮನೆಯ ಕಿಟಕಿಗಳ ಅಳತೆ ತೆಗೆಯಲು ಹೊರಡುತ್ತಾಳಂತೆ, ತಾನೇ ಓಡಿಸಿಕೊಂಡು. ಪಕ್ಕದ ಸೀಟಿನಲ್ಲಿ ನಾನು, ಕಣ್ಣು ಮುಚ್ಚಿಕೊಂಡು ನಿದ್ದೆ ಮಾಡುತ್ತ ಬರುತ್ತೇನೆ. ಕಾಗದಕ್ಕಿಂತ ಮೊದಲು ನಾವೇ ಬಂದರೆ, ಬಾಗಿಲು ತೆರೆದು, ಓದಿದವಳ ಹಾಗೇ ನಡೆದುಕೊ.